ಒಂದು ದಿನದ ಗಾರೆ

2006ರ ಮಾರ್ಚ್‌ನ ಒಂದು ಶನಿವಾರ, ಬೆಳಿಗ್ಗೆ ಹನ್ನೊಂದೂ ಕಾಲಿಗೆ, ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ ಡ್ರಾಯಿಂಗ್ ಮೇಷ್ಟ್ರ ಮಗಳ ಮನೆಯ ಗ್ಯಾರೇಜಿನೊಳಗೆ, ಬಾಗಿಲಿನಿಂದ ಮೂರು ಹೆಜ್ಜೆ ಒಳಕ್ಕೆ ನಾನು ನಿಂತಿದ್ದೆ. ಮೇಷ್ಟ್ರು ಗೋಡೆಯ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದರು. ನಡುಗುವ ಬಲಗೈಯನ್ನು ಮಣಿಕಟ್ಟಿನ ಬಳಿ ಎಡಗೈಯಿಂದ ಹಿಡಿದು, ಎರಡೂ ಕೈ ಸೇರಿಸಿ ಒಂದೇ ಕುಂಚವನ್ನು ಗೋಡೆಗೆ ಒಯ್ಯುತ್ತಿದ್ದರು. ಉಗುರುಗಳ ಸುತ್ತ ಸುಣ್ಣ ಕಚ್ಚಿ ಚರ್ಮ ಬಿರಿದಿತ್ತು.

ಅವರು ಮೈಸೂರಿನ ಹೈಸ್ಕೂಲೊಂದರಲ್ಲಿ ಚಿತ್ರ ಕಲಿಸಿ ನಿವೃತ್ತರಾಗಿ ಮಗಳ ಬಳಿಗೆ ಬಂದವರು. ಶನಿವಾರ ಬೆಳಿಗ್ಗೆ ಕಾರು ಹೊರಗಿಟ್ಟು, ಆ ಗ್ಯಾರೇಜಿನಲ್ಲಿ ನಮ್ಮಂಥ ಆರೇಳು ಕನ್ನಡದವರಿಗೆ ಇಟಲಿಯ ರೆನೆಸಾನ್ಸ್ ಕಲೆಯ ಪಾಠ ಹೇಳುತ್ತಿದ್ದರು. ನಾನು ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವವನು. ಚಿತ್ರ ನೋಡಲು ಬರುತ್ತಿರಲಿಲ್ಲ. ಅವರು ಒಂದು ಚಿತ್ರ ತೆರೆದಿಟ್ಟು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದನ್ನ ಬರೆದೋನು ಎಲ್ಲಿ ನಿಂತಿದ್ದ, ಹೇಳಿ?" ನೆಲದ ಕಲ್ಲುಗಳ ಗೆರೆಗಳನ್ನು ಹಿಂಬಾಲಿಸಿ ಅವು ಕೂಡುವ ಚುಕ್ಕೆಯನ್ನು ನಾವು ಹುಡುಕಬೇಕಿತ್ತು.

"ಅದಕ್ಕೆ ಮುಂಚೆ ದೊಡ್ಡ ಮನುಷ್ಯರನ್ನ ದೊಡ್ಡದಾಗಿ ಬರೀತಿದ್ರು, ಸಣ್ಣೋರನ್ನ ಸಣ್ಣದಾಗಿ. ಇಟಲಿಯೋರು ಬಂದು, ಹತ್ರ ಇರೋನು ದೊಡ್ಡೋನು, ದೂರ ಇರೋನು ಸಣ್ಣೋನು ಅಂದ್ರು. ರಾಜನೇ ಆಗ್ಲಿ, ದೂರ ನಿಂತ್ರೆ ಹೆಬ್ಬೆಟ್ಟಿನಷ್ಟೇ!" ಎಂದು ಹೆಬ್ಬೆರಳೆತ್ತಿ ತೋರಿಸಿ ತಾವೇ ನಗುತ್ತಿದ್ದರು.

ಇಟಲಿಯನ್ನು ಅವರು ಕಂಡಿರಲಿಲ್ಲ. "ಫ್ರೆಸ್ಕೋ ಎಂದರೆ ಹಸಿ ಗಾರೆಯ ಮೇಲೆ ಬರೆದ ಚಿತ್ರ ಅಂತ ಬರೆದ್ರೆ ಎರಡು ಮಾರ್ಕ್ಸು. ಒಂದು ಸಲಾನೂ ಮಾಡದೆ ಇರೋದಕ್ಕೆ ಅಷ್ಟು ವರ್ಷ ಮಾರ್ಕ್ಸ್ ಕೊಟ್ಟೆನಲ್ಲ ಮಾರಾಯ್ರೆ," ಎಂದು ಆ ಬೇಸಿಗೆಯಲ್ಲಿ ನನಗೆ ಹೇಳಿದರು. ಕೈ ನಡುಕ ಏರುತ್ತಲೇ ಹೋಗುತ್ತದೆ, ವರ್ಷದ ಕೊನೆಗೆ ಕುಂಚ ಹಿಡಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಒಂದು ನಿಜವಾದ ಫ್ರೆಸ್ಕೋ ಆಗಬೇಕಿತ್ತು. ಮಗಳು ಗ್ಯಾರೇಜಿನ ಹಿಂದಿನ ಇಟ್ಟಿಗೆ ಗೋಡೆ ಬಿಟ್ಟುಕೊಟ್ಟಳು.

ನಿಧಾನವಾದ ಕೈ ತಲುಪುವ ಮೊದಲೇ ಗಾರೆ ಒಣಗಿಬಿಟ್ಟರೆ ಎಂಬುದು ಅವರ ಭಯ. ಅವರ ತಂದೆ ಗಾರೆ ಕೆಲಸದವರು. ಸುಣ್ಣ ಬೇಗ ಬಿಗಿಯದಿರಲೆಂದು ಬೆಲ್ಲದ ನೀರು ಕಲಸುತ್ತಿದ್ದರಂತೆ. ಮೇಷ್ಟ್ರೂ ಹಾಗೆಯೇ ಬೆಲ್ಲ ಕುದಿಸಿದರು. ಪಕ್ಕದ ಮನೆಯ ನ್ಯೂಜಿಲೆಂಡಿನ ಮುದುಕ, ಬದುಕಿಡೀ ಗೋಡೆಗಳಿಗೆ ಪ್ಲಾಸ್ಟರ್ ಮಾಡಿದವನು, ಬೇಲಿಯಾಚೆಯಿಂದ ಪಾತ್ರೆಗೆ ಇಣುಕಿ, "ಏನು ಮೇಟ್, ಗೋಡೆಗೂ ಟೀ ಮಾಡ್ತಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಮೇಷ್ಟ್ರು, "ಸಕ್ಕರೆ ಸ್ವಲ್ಪ ಜಾಸ್ತಿ," ಎಂದರು.

ಆ ಶನಿವಾರ ಪಾಠಕ್ಕೆ ರಜೆ ಕೊಟ್ಟು, ಮೇಷ್ಟ್ರೂ ನಾನೂ ಇಡೀ ಗೋಡೆಗೆ ಒಂದೇ ಸಲ ಗಾರೆ ಮೆತ್ತಿದೆವು. ಮೇಲ್ಭಾಗಕ್ಕೆ ಮೆತ್ತಿದವನು ನಾನು. ದಪ್ಪವಾಯಿತೆಂದು ನನಗೆ ಅನ್ನಿಸಿತ್ತು, ಹೇಳಲಿಲ್ಲ.

ಹನ್ನೊಂದೂ ಕಾಲಿಗೆ ಮೇಲಿನ ಗಾರೆ ಉಬ್ಬಿದ್ದು ಕಂಡೆ. ಕೂಗಬೇಕೆನ್ನುವಷ್ಟರಲ್ಲಿ ಬಾಗಿಲಗಲದ ಹಸಿ ಗಾರೆಯ ಪದರ ಕಳಚಿ ಕೆಳಗೆ ಬಂತು. ಅದರ ಅಂಚು ಅವರ ಎಡಭುಜಕ್ಕೆ ತಾಗಿತು. ಸ್ಟೂಲು ಉರುಳಿತು. ಅವರು ನೆಲದ ಮೇಲಿದ್ದರು, ಎದೆಯವರೆಗೆ ಸುಣ್ಣ. ಮಗಳು ಅಡುಗೆಮನೆಯಿಂದ ಓಡಿಬಂದಳು. ಇಬ್ಬರೂ ಸೇರಿ ಎತ್ತಿ, ನಲ್ಲಿಯ ಬಳಿ ಕೂರಿಸಿ, ಕಣ್ಣಿಗೆ ನೀರು ಹೊಯ್ದೆವು. ಕಣ್ಣಿಗೇನೂ ಆಗಿರಲಿಲ್ಲ.

"ಸಾಕು ಅಪ್ಪ, ಇವತ್ತಿಗೆ ಮುಗೀತು," ಎಂದಳು ಮಗಳು. ನನ್ನ ಕಡೆ ತಿರುಗಿ, "ನೀವಾದ್ರೂ ಹೇಳ್ಬಾರ್ದಾಗಿತ್ತಾ ಅಣ್ಣ?" ಎಂದಳು.

ಮೇಷ್ಟ್ರು ಮುಖ ಒರೆಸಿಕೊಂಡು, "ಅವರನ್ನ ಬಯ್ಯಬೇಡ. ಪಾಠ ಮರೆತೋನು ನಾನು," ಎಂದರು. "ಆವತ್ತು ಎಷ್ಟು ಬರೆಯೋಕೆ ಆಗುತ್ತೋ ಅಷ್ಟಕ್ಕೇ ಗಾರೆ ಹಚ್ತಿದ್ರು ಇಟಲಿಯೋರು. ನಾನೇ ನೋಟ್ಸ್ ಬರೆಸ್ತಿದ್ದೆ. ನನ್ನ ಕೈಗೆ ಒಂದು ದಿನಕ್ಕೆ ಎಷ್ಟು ಆಗುತ್ತೆ ಅಂತ ಕೇಳ್ಕೊಳ್ಳಲೇ ಇಲ್ಲ."

ಸದ್ದು ಕೇಳಿ ಬಂದಿದ್ದ ಪಕ್ಕದ ಮನೆಯವನು ಗೋಡೆ ತಟ್ಟಿ ನೋಡಿ, ಟೀ ತಟ್ಟೆಯಷ್ಟಗಲದ ಜಾಗವನ್ನು ಬೆರಳಿನಿಂದ ಗುರುತಿಸಿದ. ಮುಂದಿನ ಶನಿವಾರ ಇಟ್ಟಿಗೆ ಚೆನ್ನಾಗಿ ನೆನೆಸಿ, ಬೆಲ್ಲವಿಲ್ಲದ ಗಾರೆಯನ್ನು ಅಷ್ಟಕ್ಕೇ ತೆಳ್ಳಗೆ ಹಚ್ಚಿಕೊಟ್ಟ. ಮಗಳು ತಂದೆಯ ಹಿಂದೆ ಕೈಕಟ್ಟಿ ನಿಂತಳು, ಬೇಡ ಎನ್ನಲಿಲ್ಲ. ಮೇಷ್ಟ್ರು ಎಳೆದ ಗೆರೆ ನಡುಗಿತು. ಹಸಿ ಗಾರೆಯಲ್ಲಿ ಗೆರೆ ಅಳಿಸಲಾಗದು, ಗಾರೆಯನ್ನೇ ಹೆರೆಯಬೇಕು. "ಹೆರೆಯಲಾ?" ಎಂದೆ.

"ಬೇಡ. ಇದು ನನ್ನ ಗೆರೆ."

ಅಲ್ಲಿ ಚಳಿ ಶುರುವಾಗುವ ಜೂನ್‌ವರೆಗೆ ಹನ್ನೊಂದು ಶನಿವಾರ, ಹನ್ನೊಂದು ತುಂಡು. ಸಾಲಾಗಿ ಹಿಂದೆ ಸರಿಯುವ ಶಾಲೆಯ ಬೆಂಚುಗಳು, ಅವುಗಳ ಕೊನೆಗೆ ಒಂದು ಕಿಟಕಿ, ಕಿಟಕಿಯಾಚೆ ಆ ಮನೆಯ ಅಂಗಳದಿಂದ ಕಾಣುವ ಮನುಕಾವ್ ಕೊಲ್ಲಿಯ ನೀರು. ಕೊನೆಯ ದಿನ ಅವರು ನೀರಿಗೆ ನೀಲಿ ಹಚ್ಚಿದರು. ಕುಂಚ ಕೆಳಗಿಟ್ಟು, "ಈಗ ಆ ಎರಡು ಮಾರ್ಕ್ಸು ನನಗೂ ಕೊಡಬಹುದು," ಎಂದರು.

ಮರುವರ್ಷ ಅವರು ತೀರಿಕೊಂಡರು. ಗೋಡೆಯಿಂದ ಒಂದು ಚೂರೂ ಕಳಚಿಲ್ಲ. ಆ ನೀಲಿ ಬಣ್ಣ ಗಾರೆಯೊಳಕ್ಕೆ ಇಳಿಯುವುದನ್ನು ಕಂಡವರು ನಾವು ಮೂವರು. ಪಕ್ಕದ ಮನೆಯವನು ಈಗಿಲ್ಲ. ಮಗಳು ಹಿಲ್ಸ್‌ಬರೋದ ಅದೇ ಮನೆಯಲ್ಲಿದ್ದಾಳೆ. ಕಾರನ್ನು ಇಂದಿಗೂ ಹೊರಗೇ ನಿಲ್ಲಿಸುತ್ತಾಳೆ. ಇನ್ನೊಬ್ಬ ನಾನು, ಈಗ ಹ್ಯಾಮಿಲ್ಟನ್ ಊರಿನಲ್ಲಿದ್ದೇನೆ.