ಹಂಡ್ಯಾ ಕುಂತಲ್ಲೇ ಜಾರಿದ ದಿನ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ, ಸಿಂದಗಿ ಹತ್ತಿರದ ಕನ್ನೊಳ್ಳಿಯ ನಮ್ಮ ಮನೆಯಲ್ಲಿ ಒಂದು ನಾಯಿ ಇತ್ತು. ಮೈಯೆಲ್ಲ ಬಿಳಿ, ಅದರ ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ. ಅಂಥ ಬಣ್ಣದ ದನವನ್ನು ನಮ್ಮ ಕಡೆ ಹಂಡ ಎನ್ನುತ್ತಾರೆ. ಹಾಗಾಗಿ ನಾಯಿಗೂ ಹಂಡ್ಯಾ ಎಂದೇ ಹೆಸರು ಬಿತ್ತು. ಅವನಿಗೆ ಕೊರಳಪಟ್ಟಿ ಇರಲಿಲ್ಲ, ಸರಪಳಿ ಇರಲಿಲ್ಲ. ಅವ್ವ ಹಾಲಿನಲ್ಲಿ ನೆನೆಸಿಕೊಟ್ಟ ರೊಟ್ಟಿ ತಿಂದು ಕಟ್ಟೆಯ ಬುಡದಲ್ಲಿ ಮಲಗುತ್ತಿದ್ದ. ನಾನು ಶಾಲೆಗೆ ಹೊರಟರೆ ಊರ ಅಗಸಿ ಬಾಗಿಲವರೆಗೂ ಬಂದು, ನಾನು ಮರೆಯಾಗುವ ತನಕ ನಿಂತಿರುತ್ತಿದ್ದ.

ಅದು ಸೀತನಿ ತಿನ್ನುವ ಕಾಲ. ಚಳಿಗಾಲದಲ್ಲಿ ಜೋಳದ ಕಾಳು ಇನ್ನೂ ಹಸಿರಾಗಿ ಮೆತ್ತಗಿರುವಾಗಲೇ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಉದುರಿಸಿ ಬಿಸಿಬಿಸಿಯಾಗಿ ತಿನ್ನುತ್ತೇವಲ್ಲ, ಅದೇ ಸೀತನಿ. ಆ ದಿನ ಅಗರಖೇಡದಿಂದ ಅತ್ತೆಯ ಮನೆಯವರೆಲ್ಲ ಬಂದಿದ್ದರು. ಅಪ್ಪ ಹೊಲದಲ್ಲಿ ಸಣ್ಣ ಕುಣಿ ತೋಡಿ ಸಗಣಿಯ ಕುಳ್ಳು ಹಚ್ಚಿದ್ದ. ಹೊಗೆಯ ಜೊತೆ ಸುಟ್ಟ ತೆನೆಯ ಸಿಹಿ ವಾಸನೆ ಗಾಳಿಯಲ್ಲಿ ಹರಡಿತ್ತು. ಅವ್ವ ಬುತ್ತಿ ಬಿಚ್ಚಿ ಶೇಂಗಾ ಚಟ್ನಿಯ ಹಿಂಡಿ, ಬೆಲ್ಲ, ಮೊಸರಿನ ಗಡಿಗೆ ಸಾಲಾಗಿ ಇಟ್ಟಳು. ಬಂದವರು ಕೂರಲೆಂದು ಅಪ್ಪ ಹೊಸ ಕಂಬಳಿ ಹಾಸಿದ.

ಎಲ್ಲರಿಗಿಂತ ಮೊದಲು ಅದರ ಮೇಲೆ ಕುಳಿತವನು ಹಂಡ್ಯಾ. ಕುಳಿತವನು ಹಿಂಗಾಲೆರಡನ್ನೂ ಮುಂದಕ್ಕೆ ಚಾಚಿದ, ಮುಂಗಾಲಿನಿಂದ ಮೈ ಎಳೆದುಕೊಳ್ಳುತ್ತ ಕಂಬಳಿಯ ಈ ತುದಿಯಿಂದ ಆ ತುದಿಗೆ ಸರ್ರನೆ ಜಾರಿಕೊಂಡು ಹೋದ! ಅತ್ತೆಯ ಬಾಯೊಳಗಿನ ಸೀತನಿ ಹೊರಗೆ ಹಾರಿತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗರಿಗೆ ತೋರಿಸಲೆಂದೇ ನಮ್ಮ ಹಂಡ್ಯಾ ಹೊಸ ಆಟ ಕಲಿತಿದ್ದಾನೆ ಎಂದು ನನಗೆ ಎಲ್ಲಿಲ್ಲದ ಹೆಮ್ಮೆ. "ಲೇ ಹಂಡ್ಯಾ, ಇನ್ನೊಮ್ಮೆ ಮಾಡಲೇ!" ಎಂದು ಚಪ್ಪಾಳೆ ಹೊಡೆದೆ. ಅವನು ತಿರುಗಿ ಕುಳಿತು ಮತ್ತೆ ಜಾರಿದ.

ನಗದೆ ಇದ್ದವಳು ಅಕ್ಕ ಒಬ್ಬಳೇ. ಅಂಗಳ ಸಾರಿಸುವವಳು ಅವಳು. ವಾರದಿಂದ ಹಂಡ್ಯಾ ಸಾರಿಸಿದ ನೆಲದ ಮೇಲೆ ಹೀಗೇ ಜಾರುವುದನ್ನೂ ಬಾಲದ ಬುಡವನ್ನು ಬಿಡದೆ ನೆಕ್ಕಿಕೊಳ್ಳುವುದನ್ನೂ ಅವಳು ಕಂಡಿದ್ದಳು.

"ಯಪ್ಪಾ, ಇಂವ ಆಟ ಆಡಾಕತ್ತಿಲ್ಲ. ಅಲ್ಲೆ ಏನೋ ನೋವು ಐತಿ," ಎಂದಳು.

"ಹೊಟ್ಟ್ಯಾಗ ಹುಳ ಆಗಿರಬೇಕ ತಗೋ," ಎಂದರು ಅತ್ತೆ.

ಹುಳ ನೋಡುವ ಉತ್ಸಾಹದಲ್ಲಿ ನಾನು ಹೋಗಿ ಅವನ ಬಾಲ ಎತ್ತಿದೆ. ಗುರ್ರ್ ಎಂದವನೇ ಹಂಡ್ಯಾ ತಿರುಗಿ ಬಾಯಿ ಹಾಕಿದ. ನನ್ನ ಅಂಗಿಯ ತೋಳು ಅವನ ಹಲ್ಲಿಗೆ ಸಿಕ್ಕಿ ಚರ್ರನೆ ಹರಿಯಿತು. ಕೈಗೆ ಏನೂ ಆಗಲಿಲ್ಲ. ಆದರೆ ನಗು ನಿಂತುಹೋಯಿತು. ಅವನು ಹುಟ್ಟಿದಾಗಿನಿಂದ ನನಗೆ ಒಮ್ಮೆಯೂ ಹಲ್ಲು ತೋರಿಸಿರಲಿಲ್ಲ.

ಸೀತನಿ ತಿನ್ನಲು ಬಂದಿದ್ದ ಪಕ್ಕದ ಹೊಲದ ಮುದುಕ, ನಮ್ಮೆಲ್ಲರ ಮುತ್ಯಾ, ಬಡಿಗೆ ಹಿಡಿದು ಎದ್ದು ನಿಂತ. "ಹುಚ್ಚ ಹಿಡದೈತಿ ಅದಕ್ಕ! ಹುಡುಗೂರ್ನ ದೂರ ಸರಸ್ರಿ!"

ಮಕ್ಕಳೇ, ಆ ಕಾಲದಲ್ಲಿ ಹುಚ್ಚುನಾಯಿ ಎಂಬ ಮಾತು ಒಮ್ಮೆ ಊರಿನ ಕಿವಿಗೆ ಬಿದ್ದರೆ ಆ ನಾಯಿ ಸಂಜೆಯವರೆಗೆ ಉಳಿಯುತ್ತಿರಲಿಲ್ಲ. ಅಕ್ಕ ತಟ್ಟನೆ ಎದ್ದಳು. ಒಂದು ತಾಟಿನಲ್ಲಿ ನೀರು ಹಾಕಿ ಹಂಡ್ಯಾನ ಮುಂದೆ ದೂಡಿದಳು. ಅವನು ಲೊಚಲೊಚ ಕುಡಿದು, ಬಾಲ ಅಲ್ಲಾಡಿಸುತ್ತ ಅವಳ ಮುಖ ನೋಡಿದ. "ನೋಡ್ರಿ ಮುತ್ಯಾ, ಹುಚ್ಚ ಹಿಡದದ್ದು ಹಿಂಗ ನೀರ ಕುಡೀತೈತೇನ್ರಿ?" ಎಂದಳು.

ಅಪ್ಪ ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟ. "ನೀವೂ ನಾವೂ ಹೇಳೂದು ಬ್ಯಾಡ. ಸಿಂದಗಿ ದನದ ದವಾಖಾನಿಗೆ ಒಯ್ತೇನಿ. ಡಾಕ್ಟರ್ ಹೇಳ್ಲಿ. ಅಲ್ಲೀ ಮಟ ಯಾರೂ ಅವನ್ನ ಮುಟ್ಟಬ್ಯಾಡ್ರಿ."

ಅಪ್ಪ ತನ್ನ ಟವೆಲಿನಿಂದ ಅವನ ಬಾಯನ್ನು ಮೆಲ್ಲಗೆ ಕಟ್ಟಿ, ಅದೇ ಹೊಸ ಕಂಬಳಿಯಲ್ಲಿ ಸುತ್ತಿ ಬಂಡಿಯಲ್ಲಿ ಮಲಗಿಸಿದ. ಅಕ್ಕ ತಲೆಯ ಕಡೆ ಕುಳಿತಳು, ನಾನು ಅವಳ ಬೆನ್ನಿಗೆ. ಎರಡೂ ಕಡೆ ಕುಸುಬಿಯ ಹಳದಿ ಹೂವು, ಎತ್ತಿನ ಗೆಜ್ಜೆಯ ಸದ್ದು. ಬೇರೆ ದಿನವಾಗಿದ್ದರೆ ನಾನು ಹಾಡು ಹೇಳುತ್ತಿದ್ದೆ.

ದವಾಖಾನೆಯ ಅಂಗಳದ ತುಂಬ ಎಮ್ಮೆ, ಎತ್ತು, ಆಡು. ಇದ್ದ ನಾಯಿ ನಮ್ಮದೊಂದೇ. ಮಂದಿ ತಮ್ಮ ದನ ಬಿಟ್ಟು ನಮ್ಮ ಸುತ್ತ ನೆರೆದರು. ಡಾಕ್ಟರು ಮೊದಲು ಬರೀ ಕೇಳಿದರು. ಉಣ್ಣುತ್ತಾನೆಯೇ, ನೀರು ಕುಡಿಯುತ್ತಾನೆಯೇ, ಮನೆಯವರನ್ನು ಗುರುತು ಹಿಡಿಯುತ್ತಾನೆಯೇ, ಬೇರೆ ನಾಯಿ ಕಚ್ಚಿದ್ದುಂಟೇ, ಎಷ್ಟು ದಿನದಿಂದ ಹೀಗೆ ಜಾರುತ್ತಿದ್ದಾನೆ. ಎಲ್ಲದಕ್ಕೂ ಅಕ್ಕನೇ ಪಟಪಟ ಉತ್ತರ ಕೊಟ್ಟಳು. ಆಮೇಲೆ ಡಾಕ್ಟರು ಕೈಗೆ ರಬ್ಬರಿನ ಗವಸು ಏರಿಸಿಕೊಂಡು ಬಾಲದ ಬುಡ ನೋಡಿ ನನ್ನ ಕಡೆ ತಿರುಗಿದರು.

"ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ. ನೋವಿದ್ದಲ್ಲೆ ಕೈ ಹಚ್ಚಿದ್ರ ನೀನು ಚೀರ್ತಿಯೋ ಇಲ್ಲೋ? ಹಂಗ ಇವನೂ ಬಾಯಿ ಹಾಕ್ಯಾನ."

ನಾಯಿಯ ಗುದದ ಎಡಬಲಕ್ಕೆ ಶೇಂಗಾ ಕಾಳಿನಷ್ಟು ಸಣ್ಣ ಎರಡು ಚೀಲಗಳಿರುತ್ತವೆಯಂತೆ. ಒಳಗೆ ವಾಸನೆಯ ರಸ. ಒಂದು ನಾಯಿ ಇನ್ನೊಂದನ್ನು ಮೂಸಿ ಇದು ಯಾರು ಎಂದು ತಿಳಿಯುವುದು ಆ ವಾಸನೆಯಿಂದಲೂ ಹೌದಂತೆ. ಮಲ ಗಟ್ಟಿಯಾಗಿ ಬಂದರೆ ಚೀಲ ತಾನಾಗಿ ಖಾಲಿಯಾಗುತ್ತದೆ. ಹಂಡ್ಯಾನಿಗೆ ಕೆಲವು ದಿನಗಳಿಂದ ಹೊಟ್ಟೆ ಸಡಿಲವಾಗಿತ್ತು. ರಸ ಹೊರಬರದೆ ಒಳಗೇ ಕಟ್ಟಿಕೊಂಡು ಒಂದು ಕಡೆ ಬಾತಿತ್ತು.

"ಬಾಲ ಎತ್ತಿ ಹಿಡೀರಿ ಗೌಡ್ರ. ಸ್ವಲ್ಪ ಬಾಜೂಕ ನಿಂದ್ರಿ," ಎಂದರು ಡಾಕ್ಟರು. ಅಪ್ಪ ಬಾಲ ಎತ್ತಿ ಹಿಡಿದ, ಆದರೆ ಪಕ್ಕಕ್ಕೆ ಸರಿದು ನಿಲ್ಲಲಿಲ್ಲ. ಡಾಕ್ಟರು ಒತ್ತಿದ್ದೇ ತಡ, ಚಿರ್ ಎಂದು ಹಾರಿದ ಕಂದು ರಸ ಅಪ್ಪನ ಬಿಳಿ ಧೋತರದ ಮೇಲೆ ಬಿತ್ತು! ಅಬ್ಬಾ ಆ ವಾಸನೆ! ಕೊಳೆತ ತತ್ತಿಯೂ ಅದರ ಮುಂದೆ ಮಲ್ಲಿಗೆ. ನೆರೆದ ಮಂದಿ ಮೂಗು ಮುಚ್ಚಿಕೊಂಡು ದಿಕ್ಕಾಪಾಲಾದರು. ಒಂದು ಎಮ್ಮೆ ಕೂಡ ಮುಖ ತಿರುಗಿಸಿತು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಅಪ್ಪನೂ ನಕ್ಕ. ಹಂಡ್ಯಾ ಮಾತ್ರ ದೊಡ್ಡ ಉಸಿರು ಬಿಟ್ಟು ಅಕ್ಕನ ತೊಡೆಗೆ ತಲೆ ಒರಗಿಸಿದ.

ಡಾಕ್ಟರು ಸೂಜಿ ಚುಚ್ಚಿ, ಬಾಯಿಯ ಟವೆಲು ಬಿಚ್ಚಿಸಿ, ಬೆಚ್ಚಗಿನ ನೀರಿನ ಬಟ್ಟೆ ಇಡಲು ಹೇಳಿದರು. ಹೊರಡುವಾಗ ಅಕ್ಕನಿಗೆ ಬುದ್ಧಿಮಾತೂ ಹೇಳಿದರು. "ನಾಯಿ ಯಾವಾಗರ ಒಮ್ಮೆ ಜಾರಿದ್ರ ಅಂಜಬ್ಯಾಡವ್ವಾ. ಏನರ ಅಂಟಿರತೈತಿ, ತುರಸ್ತಿರತೈತಿ. ಮ್ಯಾಲಿಂದ ಮ್ಯಾಲೆ ಜಾರಿದ್ರ, ಅಲ್ಲೆ ಬಾತ್ರ, ರಕ್ತ ಕೀವು ಕಂಡ್ರ, ಹೊರಕಡಿಗೆ ಕುಂತಾಗ ತಿಣಕಿದ್ರ ತಡ ಮಾಡಬ್ಯಾಡ್ರಿ. ಅಕ್ಕಿಕಾಳಿನಂಥದ್ದು ಅಂಟಿದ್ದು ಕಂಡ್ರ ಅದು ಹುಳ, ಅದಕ್ಕ ಔಷಧ ಬ್ಯಾರೆ. ಮತ್ತ ಮನ್ಯಾಗ ನೀವ ಒತ್ತಾಕ ಹೋಗಬ್ಯಾಡ್ರಿ."

"ಒತ್ತೂದಿಲ್ರಿ, ದೇವರಾಣಿ!" ಎಂದ ಅಪ್ಪ, ಧೋತರ ನೋಡಿಕೊಳ್ಳುತ್ತ.

ನಾವು ಹೊಲಕ್ಕೆ ಮರಳಿದಾಗ ಬಿಸಿಲು ಇಳಿದಿತ್ತು. ಯಾರೂ ಮನೆಗೆ ಹೋಗಿರಲಿಲ್ಲ. ಬಂಡಿಯಿಂದ ಹಾರಿದ ಹಂಡ್ಯಾ ಜೋಳದ ಸಾಲಿನ ನಡುವೆ ಒಂದು ಸುತ್ತು ಓಡಿ ಬಂದು ಮುತ್ಯಾನ ಕಾಲು ನೆಕ್ಕಿದ. ಮುತ್ಯಾ ಬಡಿಗೆಯನ್ನು ಹಿಂದೆ ಸರಿಸಿ, "ನನಗ ಕಣ್ಣ ಸರೀ ಕಾಣಂಗಿಲ್ಲಪಾ," ಎಂದು ಅವನ ತಲೆ ಸವರಿದ. ಅವ್ವ ಆರಿದ ಕೆಂಡ ಕೆದಕಿ ಹೊಸ ತೆನೆ ಇಟ್ಟಳು. ಅಪ್ಪನನ್ನು ಮಾತ್ರ ಗಾಳಿ ಬೀಸಿ ಹೋಗುವ ಕಡೆಗೆ ದೂರ ಕೂರಿಸಿ, ಸೀತನಿಯನ್ನು ಅಲ್ಲಿಗೇ ಕಳಿಸಿದಳು.

ಈಗ ನೀವು ವಿಜಯಪುರದಲ್ಲಿ ಸಾಕಿರುವ ಬ್ರೌನಿ ನಾಯಿಗೆ ಅದರದೇ ತಟ್ಟೆ, ಅದರದೇ ಹಾಸಿಗೆ, ವರ್ಷವರ್ಷ ತಪ್ಪದೆ ಹುಚ್ಚುರೋಗದ ಲಸಿಕೆ. ಹೋದ ತಿಂಗಳು ಅದು ನೆಲದ ಮೇಲೆ ಪದೇ ಪದೇ ಜಾರಿದಾಗ ನೀವು ಅದೇ ಸಂಜೆ ಡಾಕ್ಟರಿಗೆ ಫೋನ್ ಮಾಡಿದಿರಿ. ವಾರ ಕಳೆದರೂ ತಿಳಿಯದೆ ನಾವು ನೋಡಿ ನಕ್ಕಿದ್ದನ್ನು ನೀವು ಅರ್ಧ ದಿನದಲ್ಲಿ ಗುರುತಿಸಿದಿರಿ. ನಿಮ್ಮ ಜೊತೆ ದವಾಖಾನೆಗೆ ನಾನೂ ಬಂದೆ. ಅಲ್ಲಿ ಗಾಜಿನ ಬಾಗಿಲು, ಫ್ಯಾನು, ಗೋಡೆಯುದ್ದಕ್ಕೂ ಕುರ್ಚಿ. ಎಮ್ಮೆ ಒಂದೂ ಇಲ್ಲ, ಬರೀ ನಾಯಿ, ಬೆಕ್ಕು. ಒಂದೇ ಕುರ್ಚಿ ಖಾಲಿ ಇತ್ತು. ನಾನು ಇನ್ನೇನು ಕೂರಬೇಕು, ಅಷ್ಟರಲ್ಲಿ ಬ್ರೌನಿ ಅದರ ಮೇಲೆ ಹಾರಿ ಕುಳಿತಿತು. ನೀವು, "ಅಜ್ಜಾ, ಪಾಪ ಅದಕ್ಕ ನೋವು ಐತಿ, ನೀ ನಿಂದ್ರು," ಎಂದಿರಿ. ನಾನು ನಗುತ್ತ ನಿಂತೇ ಇದ್ದೆ.