ಬಾಗಿಲ ಬಳಿಯ ಹಳೆ ಕಂಪ್ಯೂಟರ್

ಆದಿ ಉಡುಪಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಸುತ್ತಲಿನ ಮನೆಗಳ ಮದುವೆ ಕಾಗದಗಳೆಲ್ಲ ಅವರ ಕಂಪ್ಯೂಟರಿನಲ್ಲೇ ತಯಾರಾಗುತ್ತಿದ್ದವು. ಆ ಕಂಪ್ಯೂಟರಿಗೆ ಅವರು ಯಾರ ಪೆನ್‌ಡ್ರೈವನ್ನೂ ನೇರವಾಗಿ ಹಾಕುತ್ತಿರಲಿಲ್ಲ. ಬಾಗಿಲ ಬಳಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಮೊದಲು ಅದರಲ್ಲಿ ವೈರಸ್ ತಪಾಸಣೆ ಆಗಬೇಕು. "ಕಾಲು ತೊಳೆದು ಒಳಗೆ ಬರಲಿ," ಎನ್ನುತ್ತಿದ್ದರು, ಅಂಗಳದಲ್ಲಿ ನೀರಿನ ಚೆಂಬು ಇಟ್ಟ ಮನೆಯೊಡತಿಯ ಹಾಗೆ.

ಒಮ್ಮೆ ಯಾವುದೋ ಸಂಘದ ಅಧ್ಯಕ್ಷರು ಪೆನ್‌ಡ್ರೈವ್ ಹಿಡಿದು ಅವಸರದಲ್ಲಿ ಬಂದರು. ಅಂಗಡಿ ತುಂಬ ಜನ.

"ನನ್ನದರಲ್ಲಿ ಎಂತ ವೈರಸ್ ಉಂಟು ಮಾರಾಯ್ರೆ? ಬೇಗ ಪ್ರಿಂಟ್ ಕೊಡಿ," ಎಂದು ಗದರಿದರು.

"ಯಾರದ್ದಾದರೂ ಹೀಗೆಯೇ. ಸ್ವಲ್ಪ ಕೂತುಕೊಳ್ಳಿ," ಎಂದರು ಅಕ್ಕ. ದನಿ ಏರಲಿಲ್ಲ.

ನಾನು ಅಕ್ಕನ ಬೆನ್ನ ಹಿಂದೆ ನಿಂತಿದ್ದೆ. ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಎಚ್ಚರಿಕೆಗಳು ಒಂದರ ಮೇಲೊಂದು ಬಂದವು. ಅಕ್ಕ ಪರದೆಯನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡು, ವೈರಸ್‌ಗಳನ್ನು ತೆಗೆದು, ಅಧ್ಯಕ್ಷರ ಫೈಲುಗಳನ್ನು ಉಳಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಆಯ್ತು. ಎಂತದೂ ಇರಲಿಲ್ಲ."

"ನಾನು ಹೇಳಲಿಲ್ವಾ?" ಎಂದು ಅಧ್ಯಕ್ಷರು ಸುತ್ತಲೂ ನೋಡಿ ನಕ್ಕರು. ನನಗೋ ಮೈಯೆಲ್ಲ ಉರಿಯಿತು. ಕಂಡದ್ದನ್ನು ಹೇಳಿಬಿಡೋಣ ಎನಿಸಿತು. ಅಕ್ಕ ನನ್ನತ್ತ ಒಮ್ಮೆ ನೋಡಿದರು. ಬಾಯಿ ಮುಚ್ಚಿದೆ.

ಆಮೇಲೆಯೂ ಎಷ್ಟೋ ವರ್ಷ ಆ ಅಂಗಡಿಗೆ ಹೋಗಿದ್ದೇನೆ. ನನ್ನ ಪೆನ್‌ಡ್ರೈವ್ ಹಿಂದೆ ಕೊಡುವಾಗಲೂ ಅಕ್ಕ ಪ್ರತಿ ಸಲ ನಕ್ಕು ಅದನ್ನೇ ಹೇಳುತ್ತಿದ್ದರು:

"ಎಂತದೂ ಇರಲಿಲ್ಲ."