ಹನ್ನೆರಡು ಇಂಚು ಆರು ಸೂತ

ನಮ್ಮ ಹಳೆಯ ಕಂಪ್ಯೂಟರಿನ ಡಬ್ಬಿಯ ಮೇಲೆ ನಾನು ಆರು ವರ್ಷ ಮನಿಪ್ಲಾಂಟ್ ಇಟ್ಟಿದ್ದೆ. ಕಾಲೇಜಿನಲ್ಲಿದ್ದಾಗ ಹಠ ಹಿಡಿದು ಕೊಡಿಸಿಕೊಂಡದ್ದು ಅದು. ಗಂಗಾವತಿಯ ನನ್ನ ಮನೆಗೆ ಬಂದವರೆಲ್ಲ ಒಂದಲ್ಲ ಒಂದು ಸಲ, "ಇದನ್ನ ಗುಜರಿಗೆ ಹಾಕ್ರಿ ಟೀಚರ್ರ" ಎಂದಿದ್ದಾರೆ. ಹಾಕದೆ ಉಳಿದದ್ದು ಬರೀ ಸೋಮಾರಿತನ. ಈಗ ಅದಕ್ಕೆ ದೂರದೃಷ್ಟಿ ಎಂದು ಹೆಸರಿಟ್ಟುಕೊಂಡಿದ್ದೇನೆ.

ನನ್ನ ಅಣ್ಣ ಕನಕಗಿರಿಯಲ್ಲಿ ಬಡಿಗ, ನಮ್ಮಪ್ಪನ ಹಾಗೆ. ಹೋದ ವರ್ಷ ಬೈಕಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಉಳಿ ಹಿಡಿದರೆ ಕೈ ನಡುಗುತ್ತಿತ್ತು. ಐದು ತಿಂಗಳು ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತ. ಕಡೆಗೆ ಗಂಗಾವತಿಯ ಒಂದು ಫರ್ನಿಚರ್ ಶೋರೂಮಿನಲ್ಲಿ ಗಿರಾಕಿಗಳಿಗೆ ಸೋಫಾ ತೋರಿಸುವ ಕೆಲಸಕ್ಕೆ ಒಪ್ಪಿಕೊಂಡು ಬಂದ.

ಅಣ್ಣನ ಹೆಂಡತಿಗೆ, ಅಂದರೆ ನನ್ನ ವೈನಿಗೆ, ಇದನ್ನು ಸಹಿಸಲಾಗಲಿಲ್ಲ. ಮರದ ಮೇಲೆ ತಾನೇ ಹೂಬಳ್ಳಿ ಕೊರೆಯುವ ಮಷಿನ್ನೊಂದು ಮರಳಿ ಎಂಬ ಊರಿನಲ್ಲಿ ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿರುವ ಸುದ್ದಿ ಸಿಕ್ಕಿದ್ದೇ ತಡ, ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದು ಅಂಗಡಿಯಲ್ಲಿ ಇಳಿಸಿಯೇಬಿಟ್ಟರು. ಅಣ್ಣ ಅದರ ಕಡೆ ತಿರುಗಿಯೂ ನೋಡಲಿಲ್ಲ. "ಒಂದ ಬಾಗಲಾ ಸರಿಯಾಗಿ ತಗದು ತೋರಸ್ರಿ. ಇಲ್ಲಂದ್ರ ಸೋಮವಾರ ನಾ ಶೋರೂಮಿಗೆ ಹೋಗಾಂವ" ಎಂದುಬಿಟ್ಟ.

ವೈನಿ ನನಗೆ ಫೋನ್ ಮಾಡಿದ್ದು ಶುಕ್ರವಾರ. ಮಷಿನ್ ಬಂದಿದೆ, ಅದನ್ನು ಓಡಿಸುವ ಕಂಪ್ಯೂಟರ್ ಬಂದಿಲ್ಲ. ನನ್ನ ಲ್ಯಾಪ್‌ಟಾಪ್ ತರುತ್ತೇನೆಂದೆ. ಅವರು ಮಷಿನ್ನಿನ ಕೇಬಲ್ಲಿನ ಫೋಟೋ ಕಳಿಸಿದಾಗ ನಗು ಬಂತು. ಹಿಂದಿನ ಕಾಲದ ಪ್ರಿಂಟರುಗಳಿಗೆ ಸಿಕ್ಕಿಸುತ್ತಿದ್ದರಲ್ಲ, ಇಪ್ಪತ್ತೈದು ಪಿನ್ನಿನ ಅಗಲವಾದ ಕೇಬಲ್, ಅದು. ಈಗಿನ ಯಾವ ಕಂಪ್ಯೂಟರಿಗೂ ಆ ಬಾಯಿ ಇಲ್ಲ. ಮನಿಪ್ಲಾಂಟ್ ಕೆಳಗಿಳಿಸಿ ಡಬ್ಬಿಯ ಹಿಂದೆ ನೋಡಿದೆ. ಇತ್ತು.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಾನಿಟರನ್ನು ಕಾಲಬುಡದಲ್ಲಿ ಇಟ್ಟು ಕನಕಗಿರಿಯ ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, ಡಬ್ಬಿ ನೋಡಿ, "ಹೆಣ್ಮಕ್ಕಳಿಗೆ ಫ್ರೀ ಐತ್ರಿ ಮೇಡಮ್ಮರ. ಇದು ಹೆಣ್ಣೋ ಗಂಡೋ?" ಎಂದ. ಹೊಟ್ಟೆಯಲ್ಲಿ ಏನಿದೆಯೋ ಬಿಚ್ಚಿದ ಮೇಲೇ ಗೊತ್ತಾಗಬೇಕು ಎಂದೆ.

ಬಿಚ್ಚಿದರೆ ಹಲ್ಲಿ ಮೊಟ್ಟೆ ಇದ್ದವು. ವೈನಿ ಕಡ್ಡಿಪೊರಕೆ ಹಿಡಿದರು, ನಾನು ಬ್ರಷ್ ಹಿಡಿದೆ. ಮೆಮೊರಿ ಪಟ್ಟಿಯನ್ನು ಕಿತ್ತು, ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದ ಮೇಲೆ ಪರದೆಗೆ ಜೀವ ಬಂತು. ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರಿಂದ ತಾರೀಖು ಇಪ್ಪತ್ತು ವರ್ಷ ಹಿಂದಿನದು. "ಹಂಗಾದ್ರ ನಮ್ಮ ಲಗ್ನ ಇನ್ನಾ ಆಗಿಲ್ಲ, ಇನ್ನೊಮ್ಮೆ ವಿಚಾರ ಮಾಡ್ತೀನಿ" ಎಂದರು ವೈನಿ, ಅಣ್ಣನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅವನು ಕಟ್ಟೆಯ ಮೇಲಿಂದ ಅಲ್ಲಾಡಲಿಲ್ಲ.

ಮಷಿನ್ ಓಡಿಸುವ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಿಂದ ಹಾಕಿದೆ. ಕಂಪ್ಯೂಟರು ಮಷಿನ್ನಿಗೆ ಸಮನಾದ ಲಯದಲ್ಲಿ ಸಂಕೇತ ಕಳಿಸುತ್ತಲೇ ಇರಬೇಕು. ನಡುವೆ ತೂಕಡಿಸಿದರೆ ಮರ ಕೊರೆಯುವ ಮೊನೆ, ಅಂದರೆ ಬಿಟ್, ದಾರಿ ತಪ್ಪಿ ಹಲಗೆ ಹಾಳು. ಅದಕ್ಕೇ ಸ್ಕ್ರೀನ್‌ಸೇವರ್, ಆಟ, ಹಾಡು, ಏನೇನು ಅದರ ಗಮನ ಸೆಳೆಯುತ್ತವೋ ಎಲ್ಲ ಕಿತ್ತುಹಾಕಿದೆ. ಒಂಬತ್ತನೆಯ ತರಗತಿಗೂ ಹೀಗೆ ಮಾಡಲು ಬರುವಂತಿದ್ದರೆ! ಆಮೇಲೆ ಎಡಕ್ಕೆ ಹೋಗು ಎಂದರೆ ಬಿಟ್ ಮೇಲಕ್ಕೆ ಹೋಯಿತು, ಮುಂದೆ ಬಾ ಎಂದರೆ ಬಲಕ್ಕೆ. ಯಾವ ಪಿನ್ನು ಯಾವ ಮೋಟರಿನದು ಎಂದು ಒಂದೊಂದೇ ತಾಳೆ ಹಾಕಿ ಸರಿಪಡಿಸುವಷ್ಟರಲ್ಲಿ ಸಂಜೆಯಾಯಿತು.

ಅಣ್ಣನಿಗೆ ಇಂಚಿನಲ್ಲೇ ಕೆಲಸ, ಮಿಲಿಮೀಟರ್ ಎಂದರೆ ಆಗದು. ಸಾಫ್ಟ್‌ವೇರನ್ನೂ ಇಂಚಿಗೇ ಹೊಂದಿಸಿದೆ. ಅಣ್ಣ ಬೀಳುವ ಮೊದಲೇ ಮಾಡಿಟ್ಟಿದ್ದ ಒಂದು ಬಾಗಿಲ ಚೌಕಟ್ಟಿನ ಖಾನೆಯಲ್ಲಿ ಕೂರಿಸುವ ಹಲಗೆಯ ಅಳತೆ ಕೇಳಿದಾಗ, ಎಡಗೈಯಲ್ಲೇ ಪ್ಲೈವುಡ್ ಚೂರಿನ ಮೇಲೆ ಬರೆದುಕೊಟ್ಟ: ಅಗಲ 12.6, ಎತ್ತರ 22.4.

ಭಾನುವಾರ ಬೆಳಿಗ್ಗೆ ಮಷಿನ್ ಮೊದಲ ಸಲ ಕೊರೆಯಿತು. ಸಾಗುವಾನಿ ಹಲಗೆಯ ಮೇಲೆ ತಗ್ಗಾಗಿ ಕೊರೆದ ಚೌಕದೊಳಗೆ ಬಳ್ಳಿ, ಎಲೆ, ಎಲೆಯ ನರ ಒಂದೊಂದಾಗಿ ಏಳುವುದನ್ನು ಕಂಡು ವೈನಿ ನನ್ನ ರಟ್ಟೆ ಹಿಡಿದುಕೊಂಡರು. ಕಡೆಗೆ ಸುತ್ತ ಕತ್ತರಿಸಿ ನಿಂತಿತು. ಹಲಗೆಯನ್ನು ಚೌಕಟ್ಟಿಗೆ ಇಟ್ಟೆವು. ಗಡಗಡ ಅಲುಗಾಡಿತು.

ಅಳೆದು ನೋಡಿದೆ. ಎತ್ತರದಲ್ಲಿ ಸ್ವಲ್ಪ ಕಡಿಮೆ, ಅಗಲದಲ್ಲಿ ಇನ್ನೂ ಕಡಿಮೆ. ಮಷಿನ್ನಿನ ಲೆಕ್ಕವೇ ತಪ್ಪಿದ್ದರೆ ಉದ್ದನೆಯ ಕಡೆಗೆ ಹೆಚ್ಚು ತಪ್ಪಬೇಕು, ಇಲ್ಲಿ ಉಲ್ಟಾ. ಸ್ಕ್ರೂ ಬಿಗಿ ಮಾಡಿದೆ, ವೈರ್ ಅಲುಗಾಡಿಸಿದೆ, ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈದೆ. ವೈನಿ ಒಳಗೆ ಹೋದರು. ಮರುದಿನವೇ ಸೋಮವಾರ. ನನಗೆ ನಿಜವಾಗಿಯೂ ಅಳು ಬಂತು.

ನನ್ನ ಬೈಗುಳ ಕೇಳಲಾರದೆಯೋ ಏನೋ, ಅಣ್ಣ ಎದ್ದು ಬಂದು ಪರದೆಗೆ ಬಗ್ಗಿದ. "ಅಳತಿ ಬರೋಬ್ಬರಿ ಬರದೀಯಲ್ಲವ್ವ. ಹನ್ನೆರಡು ಇಂಚ್ ಆರು ಸೂತ."

ಸೂತ! ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ಒಂದು ಸೂತ. ಬಡಿಗರು ಇಂಚು ಬರೆದು, ಚುಕ್ಕಿ ಇಟ್ಟು, ಸೂತ ಬರೆಯುತ್ತಾರೆ. ಅವನ 12.6 ಎಂದರೆ ಹನ್ನೆರಡೂ ಮುಕ್ಕಾಲು ಇಂಚು. ನಾನೂ ಕಂಪ್ಯೂಟರೂ ಅದನ್ನು ದಶಮಾಂಶ ಎಂದು ಓದಿದ್ದೆವು. ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೆ ಪಾಪ, ಅದು ಬಡಿಗರ ಮನೆಯಲ್ಲಿ ಹುಟ್ಟಿದ್ದಲ್ಲ. ನಾನು ಹುಟ್ಟಿದ್ದೆ. ಅಕ್ಷರ ಕಲಿಯುವ ಮೊದಲೇ ಅಪ್ಪನ ಟೇಪಿನ ತುದಿ ಹಿಡಿದು ಸೂತ ಎಣಿಸಿದವಳು, ಹದಿನಾಲ್ಕು ವರ್ಷ ಗಣಿತ ಕಲಿಸುತ್ತ ಕಲಿಸುತ್ತ ಮನೆಯ ಲೆಕ್ಕವನ್ನೇ ಮರೆತಿದ್ದೆ. ನಾಚಿಕೆಯಾಯಿತು. ಅಣ್ಣನಿಗೆ ಹೇಳಿದೆ. ಅವನು ಬಾಯಿಬಿಟ್ಟು ನಕ್ಕ. ಆ ನಗು ಕೇಳಿಯೇ ವೈನಿ ಹೊರಗೆ ಬಂದರು.

ಅಳತೆ ತಿದ್ದಿ ಇನ್ನೊಂದು ಹಲಗೆ ಏರಿಸಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಚೌಕಟ್ಟಿನೊಳಗೆ ಹೆಬ್ಬೆರಳಿನಿಂದ ಒತ್ತಿದರೆ ಕೂರುವಷ್ಟು ಸರಿಯಾಗಿ ಬಂತು. ವೈನಿ ಅಣ್ಣನ ಮುಖ ನೋಡಿದರು. ಅವನು ಹಲಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಸವರಿದ.

"ಮೂಲಿ ನೋಡ ಇಲ್ಲೆ, ಎಲ್ಲಾ ಗುಂಡಗ ಅದಾವ" ಎಂದ.

ತಪ್ಪೇನಲ್ಲ ಅದು. ತಿರುಗುವ ಬಿಟ್ ಎಷ್ಟೇ ಸಣ್ಣದಿದ್ದರೂ ಕೊರೆದ ಚೌಕದ ಒಳಮೂಲೆಯನ್ನು ಗುಂಡಾಗಿಯೇ ಬಿಡುತ್ತದೆ. "ಅದು ಮಷಿನ್ನಿಗೆ ಬರಂಗಿಲ್ಲಣ್ಣ" ಎಂದೆ, ತಪ್ಪು ಒಪ್ಪಿಕೊಳ್ಳುವವಳಂತೆ.

"ಬರಂಗಿಲ್ಲ?"

"ಇಲ್ಲ."

ಅವನು ಮೂಲೆಯಲ್ಲಿದ್ದ ಪೆಟ್ಟಿಗೆ ತೆಗೆದು ಎಲ್ಲಕ್ಕಿಂತ ಸಣ್ಣ ಉಳಿ ಹುಡುಕಿದ. ಎಡಗೈಗೆ ಅದನ್ನು ಕೊಟ್ಟು, ಬಲಗೈಯನ್ನು ಹಲಗೆಯ ಮೇಲೆ ಸುಮ್ಮನೆ ಭಾರವಾಗಿ ಊರಿದ. ಸುತ್ತಿಗೆ ಹೊಡೆಯುವ ಕೆಲಸ ಅಲ್ಲಿರಲಿಲ್ಲ, ಕೂದಲೆಳೆಯಷ್ಟು ಮರ ಒತ್ತಿ ತೆಗೆದರೆ ಸಾಕು. ಒಂದು ಮೂಲೆಗೆ ಅರ್ಧ ಗಂಟೆ ಹಿಡಿಯಿತು. ವೈನಿ ಊಟಕ್ಕೆ ಕರೆಯಲಿಲ್ಲ, ನಾನು ಬಸ್ಸಿನ ಹೊತ್ತು ನೋಡಲಿಲ್ಲ.

ನಾಲ್ಕನೆಯ ಮೂಲೆ ಮುಗಿಸಿ, ಹುಡಿ ಊದಿ, ಫೋನ್ ತೆಗೆದು ಶೋರೂಮಿನವರಿಗೆ ಹಚ್ಚಿದ.

"ನಮಸ್ಕಾರ್ರಿ. ಸೋಮವಾರ ನನ್ನ ದಾರಿ ನೋಡಬ್ಯಾಡ್ರಿ, ಬ್ಯಾರೆ ಯಾರನ್ನರ ತಗೋರಿ" ಎಂದ. ಆ ಕಡೆಯವರು ಯಾಕೆಂದು ಕೇಳಿರಬೇಕು.

"ಕೆಲಸ ಐತ್ರಿ ನನಗ."